ಬಸ್ಸಿನ ವೇಳೆ ಚಿತ್ರವಾದಾಗ

ಹೋದ ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಕಂಪ್ಯೂಟರಿನ ಮೇಲಿನ ಧೂಳು ಒರೆಸಿ, ಎದುರಿನ ಹೋಟೆಲಿಗೆ ಒಂದು ಚಹಾ ಹೇಳಿ ಕುಳಿತವಳಿಗೆ ಒಂದು ಇಮೇಲ್ ಕಾದಿತ್ತು. ನಾನು ವೆಬ್‌ಸೈಟ್ ಮಾಡಲು ಬಳಸುವ ಸಾಫ್ಟ್‌ವೇರಿನವರದು. ‘ಮುಂದಿನ ಆವೃತ್ತಿಯಲ್ಲಿ ನಿಮಗೆ ಏನು ಬೇಕು?’ ಎಂದು ಕೇಳಿದ್ದರು. ಕೆಳಗೆ ಸಾಲಾಗಿ ಚೌಕಗಳು. ಬೇಕಾದ್ದಕ್ಕೆ ಗುರುತು ಹಾಕಬೇಕು. ಇನ್ನಷ್ಟು ಬಣ್ಣ ಬೇಕೆ, ಇನ್ನಷ್ಟು ಸಿದ್ಧ ವಿನ್ಯಾಸಗಳು ಬೇಕೆ, ಬಾಯಲ್ಲಿ ಹೇಳಿದರೆ ಸಾಕು ತಾನೇ ಪುಟ ಕಟ್ಟಿಕೊಡುವ ಜಾಣತನ ಬೇಕೆ, ಪುಟ ಸರಿಸುವಾಗ ಅಕ್ಷರಗಳು ಎಲ್ಲಿಂದಲೋ ಹಾರಿಬಂದು ಕೂರಬೇಕೆ. ಎಲ್ಲ ಮುಗಿದ ಮೇಲೆ ‘ಇತರೆ’ ಎಂದು ನಾಲ್ಕು ಸಾಲು ಹಿಡಿಸುವಷ್ಟು ಜಾಗ.

ನಿಮ್ಮನ್ನು ಯಾರಾದರೂ ಹೀಗೆ ಎದುರು ನಿಂತು ‘ಏನು ಬೇಕು’ ಎಂದು ಕೇಳಿದ್ದುಂಟೇ? ಹಿಂದಿನ ದಿನದವರೆಗೂ ಅದಿಲ್ಲ ಇದಿಲ್ಲ ಎಂದು ಗೊಣಗಿದವರು, ಕೇಳಿದ ಕೂಡಲೇ ತಲೆ ಕೆರೆದುಕೊಳ್ಳುತ್ತೇವೆ. ನನಗೆ ಹಾಗಾಗಲಿಲ್ಲ. ಏನು ಬೇಕೆಂಬುದು ನನಗೆ ಗೊತ್ತಾಗಿ ಮೂರು ವರ್ಷವಾಗಿತ್ತು. ಗೊತ್ತು ಮಾಡಿಸಿದವರು ಸೊರಬದ ನಾಗೇಂದ್ರಪ್ಪನವರು. ಅವರು ಕಂಪ್ಯೂಟರನ್ನು ಇವತ್ತಿನವರೆಗೂ ನೋಡಿಲ್ಲ.

ನನ್ನ ಅಂಗಡಿ ಇರುವುದು ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ. ಮದುವೆ ಕಾರ್ಡು, ಬ್ಯಾನರು, ಅರ್ಜಿ ಟೈಪು ಮಾಡುವುದು, ಈಚೆಗೆ ಅಂಗಡಿ ಮುಂಗಟ್ಟುಗಳಿಗೆ ವೆಬ್‌ಸೈಟು. ಬೋರ್ಡಿನ ಮೇಲೆ ಇಷ್ಟನ್ನೂ ಬರೆಸಿದ್ದೇನೆ. ಆದರೆ ಜನ ನನ್ನನ್ನು ಹೆಚ್ಚಾಗಿ ಬಳಸುತ್ತಿದ್ದದ್ದು ಬಸ್ಸಿನ ಸಮಯ ಕೇಳುವುದಕ್ಕೆ. ಹತ್ತು ನಿಮಿಷಕ್ಕೊಬ್ಬರು ಬಾಗಿಲಲ್ಲಿ ತಲೆ ತೂರಿಸಿ, “ಅಕ್ಕಾರ, ಸೊರಬದ ಬಸ್ ಎಷ್ಟೊತ್ತಿಗೈತಿ?” ಅನ್ನುವರು. ನಾನು ಕಾರ್ಡಿನಲ್ಲಿ ವಧುವಿನ ಹೆಸರು ತಿದ್ದುತ್ತಾ, “ಹನ್ನೊಂದೂ ಇಪ್ಪತ್ತಕ್ಕೆ” ಅನ್ನುವೆ. ಒಮ್ಮೆ ಹೀಗೆ ಹೇಳುತ್ತಾ ಹೇಳುತ್ತಾ ಮುಹೂರ್ತದ ಜಾಗದಲ್ಲಿ ಸೊರಬದ ಬಸ್ಸಿನ ಸಮಯ ಕೂತುಬಿಟ್ಟಿತು. ಪುಣ್ಯಕ್ಕೆ ಅಚ್ಚಿಗೆ ಹೋಗುವ ಮೊದಲು ವಧುವಿನ ಸೋದರಮಾವ ನೋಡಿದರು.

ಅವತ್ತೇ ತೀರ್ಮಾನಿಸಿದೆ: ಒಂದು ಪುಟ ಮಾಡಿ ಇಡುತ್ತೇನೆ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆಯ ಎಲ್ಲ ಬಸ್ಸುಗಳ ವೇಳೆ ಕನ್ನಡದಲ್ಲಿ, ಯಾರು ಬೇಕಾದರೂ ಫೋನಿನಲ್ಲಿ ನೋಡುವಂತೆ. ನಿಲ್ದಾಣದಲ್ಲಿ ಓಡಾಡಿ, ಕಂಡಕ್ಟರುಗಳನ್ನು ಕಾಡಿಸಿ ಪಟ್ಟಿ ಮಾಡಿದೆ. ಪುಟ ಸಿದ್ಧವಾಯಿತು. ಆದರೆ ಆ ಸಾಫ್ಟ್‌ವೇರಿನಲ್ಲಿದ್ದ ಅಂದದ ಅಕ್ಷರಗಳಿಗೆ ಕನ್ನಡದ ಒತ್ತು ಅಂಟುತ್ತಿರಲಿಲ್ಲ. ‘ಶಿರಾಳಕೊಪ್ಪ’ ಎಂದು ಬರೆದರೆ ‘ಶಿರಾಳಕೊಪ್‌ಪ’ ಎಂದು ಕಾಣುವುದು. ಆನವಟ್ಟಿ ‘ಆನವಟ್‌ಟಿ’ಯಾಯಿತು. ನಿವೃತ್ತ ಹೆಡ್‌ಮಾಸ್ತರೊಬ್ಬರು ಅಂಗಡಿಗೇ ಬಂದು ಫೋನು ಮುಂದೆ ಹಿಡಿದು, “ಕೊಪ್ಪದ ಒತ್ತು ಎಲ್ಲಿ ಬಿದ್ದುಹೋತಮ್ಮಾ, ಬಸ್ಸಿನಿಂದಾನಾ?” ಎಂದು ಕೇಳಿದರು. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನನಗೆ ಅವಮಾನವಾಯಿತು. ಇಪ್ಪತ್ತು ವರ್ಷ ಅಕ್ಷರ ಜೋಡಿಸಿ ಬದುಕಿದವಳು ನಾನು.

ಆರು ತಿಂಗಳು ತಡೆದುಕೊಂಡೆ. ಆಮೇಲೆ ಒಂದು ಉಪಾಯ ಹೊಳೆಯಿತು. ಮದುವೆ ಕಾರ್ಡು ಮಾಡುವ ಬೇರೆ ಸಾಫ್ಟ್‌ವೇರಿನಲ್ಲಿ ಒತ್ತುಗಳು ಸರಿಯಾಗಿ ಬರುತ್ತವಲ್ಲ, ಅಲ್ಲಿ ವೇಳಾಪಟ್ಟಿ ಬರೆದು, ಚಿತ್ರವಾಗಿ ತೆಗೆದು, ಪುಟದಲ್ಲಿ ಅಂಟಿಸಿದರಾಯಿತು! ಹಸಿರು ಹಿನ್ನೆಲೆ, ಹಳದಿ ಅಕ್ಷರ, ಊರಿಗೊಂದು ಚಿತ್ರ. ಹೆಡ್‌ಮಾಸ್ತರು ಮತ್ತೆ ಬಂದರು, ಕನ್ನಡಕ ಏರಿಸಿ ನೋಡಿದರು, “ಈಗ ನೋಡು, ಬರಹ ಅಂದ್ರೆ ಇದು” ಅಂದರು. ನಾನು ಅವರಿಗೆ ಚಹಾ ತರಿಸಿದೆ. ಒಂದು ವಾರ ನೆಲದ ಮೇಲೆ ನಡೆದ ನೆನಪಿಲ್ಲ.

ಅದೇ ಹೊತ್ತಿಗೆ ಸೊರಬದಿಂದ ಹೊರಡುವ ಬೆಳಗಿನ ಬಸ್ಸಿನ ವೇಳೆ ಬದಲಾಯಿತು. ಏಳೂ ಕಾಲಿಗೆ ಇದ್ದದ್ದು ಆರೂ ಐವತ್ತಕ್ಕೆ ಬಂತು. ಗೊತ್ತಾದ ದಿನವೇ ಹೊಸ ಚಿತ್ರ ಮಾಡಿ ಹಾಕಿದೆ. ಆ ಶ್ರದ್ಧೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ನೆನಪಿದೆ.

ಹತ್ತು ಹದಿನೈದು ದಿನ ಕಳೆದಿರಬೇಕು, ಒಂದು ಮಧ್ಯಾಹ್ನ ಫೋನ್ ಬಂತು. ಇಸ್ತ್ರಿ ಮಾಡಿದಂಥ ಧ್ವನಿ, ಒಂದೊಂದು ಅಕ್ಷರವೂ ಸ್ಪಷ್ಟ.

“ನಮಸ್ಕಾರ. ಬಸ್ಸಿನ ಟೈಮ್ ಹಾಕೋರು ನೀವೇನಾ ಮೇಡಂ?”

“ಹೌದು ಸರ್, ಹೇಳಿ.”

“ನಿಮ್ಮ ಪುಟದಲ್ಲಿ ಈಗ ಎಂತದೂ ಇಲ್ವಲ್ರೀ. ಎಲ್ಲ ಯಾಕೆ ತೆಗೆದುಬಿಟ್ರಿ?”

ನನಗೆ ರೇಗಿತು. “ಎಲ್ಲಾ ಇದೆ ಸರ್. ಸ್ವಲ್ಪ ಕಣ್ಣು ಬಿಟ್ಟು ನೋಡಿ, ಹಳದಿ ಅಕ್ಷರದಲ್ಲಿ ಎಷ್ಟು ದೊಡ್ಡದಾಗಿ ಹಾಕಿದ್ದೀನಿ.”

“ಕಣ್ಣು ಬಿಟ್ಕೊಂಡೇ ಇದ್ದೀನಿ ಮೇಡಂ, ಹುಟ್ಟಿದಾಗಿಂದ. ಕಾಣೋದಿಲ್ಲ, ಅಷ್ಟೇ.”

ಅವರು ನಕ್ಕರು. ನಾನು ನಗಲಿಲ್ಲ. “ಒಂದ್ನಿಮಿಷ ಕೇಳಿಸ್ಕೊಳ್ಳಿ” ಎಂದು ಲ್ಯಾಂಡ್‌ಲೈನಿನ ಬಾಯಿಗೆ ತಮ್ಮ ಮೊಬೈಲು ಹಿಡಿದರು. ಪರದೆಯ ಮೇಲಿನದನ್ನು ಓದಿ ಹೇಳುವ ಹೆಣ್ಣುಧ್ವನಿ, ಭಾವವಿಲ್ಲದೆ ಹೇಳುತ್ತಾ ಹೋಯಿತು: “ಚಿತ್ರ. ಚಿತ್ರ. ಚಿತ್ರ. ಚಿತ್ರ.”

ನಾನು ಮಾಡಿದ ಪುಟವನ್ನು ನಾನು ಕಿವಿಯಿಂದ ಕೇಳಿದ್ದು ಅದೇ ಮೊದಲು.

ಮುಂದಿನ ಭಾನುವಾರ ಸೊರಬಕ್ಕೆ ಹೋದೆ. ಕ್ಷಮೆ ಕೇಳುವುದಕ್ಕೆ ಎಂದರೆ ಪೂರ್ತಿ ನಿಜವಲ್ಲ. ಆ ಪುಟವನ್ನು ಅವರು ಹೇಗೆ ಓದುತ್ತಿದ್ದರು ಎಂಬ ಕುತೂಹಲವೂ ಇತ್ತು. ನಾಗೇಂದ್ರಪ್ಪನವರು ಅರವತ್ತು ದಾಟಿದವರು. ಟೆಲಿಫೋನ್ ಆಪರೇಟರಾಗಿ ನಿವೃತ್ತರಾದವರು. ತಾಲ್ಲೂಕಿನ ಅರ್ಧ ಜನರ ಹಳೆಯ ನಂಬರು ಅವರಿಗೆ ಈಗಲೂ ಬಾಯಿಪಾಠ. ನಾನು ಹೊಸಬಾಳೆಯ ನಮ್ಮ ಸೋದರತ್ತೆಯ ಮನೆಯವರ ಹೆಸರು ಹೇಳುತ್ತಿದ್ದಂತೆ ನಂಬರು ಹೇಳಿ, “ಆ ಯಜಮಾನ್ರು ರಾಂಗ್ ನಂಬರಿಗೂ ಕ್ಷೇಮಸಮಾಚಾರ ಕೇಳಿಯೇ ಫೋನ್ ಇಡ್ತಿದ್ರು” ಅಂದರು. ನಿಜ, ನಮ್ಮ ಮಾವ ಹಾಗೆಯೇ ಇದ್ದರು.

ಒತ್ತಿನ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯ. “ಮುರಿದಿತ್ತಾ? ನನಗೆ ಚೆನ್ನಾಗೇ ಕೇಳ್ತಿತ್ತಲ್ಲ. ಶಿರಾಳಕೊಪ್ಪ ಅಂತ್ಲೇ ಓದ್ತಿತ್ತು.” ಕಣ್ಣಿಗೆ ಮುರಿದು ಕಂಡದ್ದು ಒಳಗೆ ಸರಿಯಾಗಿಯೇ ಇತ್ತು. ಊರವರ ನಗೆಗೆ ಹೆದರಿ ಅದನ್ನು ರಿಪೇರಿ ಮಾಡಲು ಹೋಗಿ, ಒಬ್ಬರ ಪಾಲಿಗೆ ಪೂರ್ತಿ ಅಳಿಸಿಬಿಟ್ಟಿದ್ದೆ.

ಅವರು ಒಳಗೆ ಎದ್ದುಹೋದಾಗ, ಕಾಫಿ ತಂದಿಟ್ಟ ಅವರ ಹೆಂಡತಿ ಪಾರ್ವತಮ್ಮ ದನಿ ತಗ್ಗಿಸಿ ಹೇಳಿದರು. “ಇವರು ಹೇಳೋದಿಲ್ಲ. ಹೇಳಬೇಡ ಅಂತ ನನಗೂ ಹೇಳಿದಾರೆ. ಆದ್ರೆ ನೀವು ಇಷ್ಟು ದೂರ ಬಂದಿದೀರಿ.”

ಶಿಕಾರಿಪುರದಲ್ಲಿ ನಾಗೇಂದ್ರಪ್ಪನವರ ಅಕ್ಕ ಇದ್ದಾರೆ, ಗೌರಕ್ಕ. ತಮ್ಮನನ್ನು ಕೈಹಿಡಿದು ನಡೆಸಿ, ಅಂಗೈ ಮೇಲೆ ಬೆರಳಿನಿಂದ ಅಆಇಈ ಬರೆದು ತೋರಿಸಿದವರು. ಅವರಿಗೆ ಹೃದಯದ ಆಪರೇಷನ್ ಎಂದು ಗೊತ್ತಾಗಿತ್ತು, ಶಿವಮೊಗ್ಗಕ್ಕೆ ಕರೆದೊಯ್ಯುವ ಕಾರು ಬೆಳಿಗ್ಗೆ ಒಂಬತ್ತಕ್ಕೆ ಬರುವುದಿತ್ತು. ಹೊರಡುವ ಮೊದಲು ಒಮ್ಮೆ ಹೋಗಿ ಬರೋಣವೆಂದು ಇವರು ಬಸ್ಸಿನ ವೇಳೆ ನೋಡಿದರು. ಫೋನು ‘ಚಿತ್ರ’ ಎಂದಿತು. ಏಳೂ ಕಾಲಿನ ಬಸ್ಸು ಹೇಗೂ ನೆನಪಿತ್ತು. ಏಳಕ್ಕೇ ಹೋಗಿ ಗಂಡಹೆಂಡತಿ ನಿಂತರು. ಬಸ್ಸು ಹೋಗಿಯಾಗಿತ್ತು. ಮುಂದಿನದು ಹಿಡಿದು ಶಿಕಾರಿಪುರ ಮುಟ್ಟುವಷ್ಟರಲ್ಲಿ ಅಕ್ಕನ ಮನೆಗೆ ಬೀಗ. ಕಾರು ಬಂದಮೇಲೂ ಅಕ್ಕ ಕಾಲುಗಂಟೆ ಕಾದರಂತೆ, ಡ್ರೈವರ್ ಅವಸರ ಮಾಡಿದನಂತೆ ಎಂದು ಪಕ್ಕದ ಮನೆಯವರು ಹೇಳಿದರು.

“ಫೋನಲ್ಲಿ ಮಾತಾಡಿದ್ರು. ಆದ್ರೆ ನಾವು ಹೊರಡೋ ಮುಂಚೆ ಮುಖ ನೋಡ್ಬೇಕು ಅಂತೀವಲ್ಲ, ಇವರಿಗೆ ಅದು ಕೈ. ಅಕ್ಕನ ಕೈ ಹಿಡಿಯೋಕಾಗ್ಲಿಲ್ಲ ಅಂತ ಹನ್ನೆರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ.”

“ಈಗ ಹೇಗಿದಾರೆ ಅವರು?” ಎಂದೆ.

“ದೇವರು ದೊಡ್ಡೋನು. ಆಪರೇಷನ್ ಆಗಿ ಮನೆಗೆ ಬಂದಿದಾರೆ. ಮೊನ್ನೆ ಹೋಗಿ ಬಂದ್ವಿ.”

ನನ್ನ ಕೈಯಲ್ಲಿದ್ದ ಲೋಟ ಕೆಳಗಿಡಲೂ ತಿಳಿಯದೆ ಕುಳಿತಿದ್ದೆ. ನಾಗೇಂದ್ರಪ್ಪನವರು ಬಂದರು, ಮೌನದಿಂದಲೇ ಅವರಿಗೆ ತಿಳಿಯಿತು. “ಹೇಳಿಬಿಟ್ಲಾ?” ಅಂದರು.

ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲೋ ಏನೋ, ನಾನು ಕೇಳಬಾರದ್ದನ್ನು ಕೇಳಿದೆ. “ಯಾರನ್ನಾದ್ರೂ ಒಂದು ಮಾತು ಕೇಳಬಹುದಿತ್ತಲ್ಲ ಸರ್?”

ಅವರಿಗೆ ಸಿಟ್ಟು ಬರಲಿಲ್ಲ. “ಕೇಳಬಹುದಿತ್ತು. ಜನ್ಮ ಎಲ್ಲ ಕೇಳಿದೀನಿ. ಇದ್ಯಾವ ಬಸ್ಸು, ಈ ಕಾಗದದಲ್ಲಿ ಏನಿದೆ, ಟೈಮ್ ಎಷ್ಟಾಯ್ತು. ಯಾರೂ ಇಲ್ಲ ಅನ್ನೋದಿಲ್ಲ, ಹೇಳ್ತಾರೆ. ಆದ್ರೆ ನಿಮ್ಮ ಪುಟ ಬಂತಲ್ಲ, ಆ ಆರು ತಿಂಗಳು ನಾನು ಎಲ್ಲಿಗೂ ಹೋಗೋದಿಲ್ದೆ ಇದ್ರೂ ಬೆಳಿಗ್ಗೆ ಎದ್ದು ಒಂದ್ಸಲ ಓದಿಸ್ತಿದ್ದೆ. ಯಾರನ್ನೂ ಕೇಳ್ದೆ ಒಂದು ವಿಷಯ ಗೊತ್ತಾಗ್ತದಲ್ಲ ಮೇಡಂ, ಅದರ ಸುಖ ನಿಮಗೆ ಗೊತ್ತಾಗೋದು ಕಷ್ಟ. ನಿಮಗೆ ಅದು ಯಾವಾಗಲೂ ಇತ್ತು.”

ಸಂಜೆ ಊರು ಮುಟ್ಟಿದವಳು ಮನೆಗೆ ಹೋಗದೆ ಅಂಗಡಿ ತೆರೆದೆ. ಚಿತ್ರಗಳನ್ನೆಲ್ಲ ಕಿತ್ತುಹಾಕಿ ವೇಳೆಗಳನ್ನು ಮತ್ತೆ ಅಕ್ಷರಗಳಲ್ಲಿ ಬರೆದೆ. ಒತ್ತುಗಳು ಮತ್ತೆ ಮುರಿದವು. ಮುರಿಯಲಿ ಎಂದು ಹಾಗೆಯೇ ಬಿಟ್ಟೆ. ಆಮೇಲೆ ವಾರಗಟ್ಟಲೆ ತಡಕಾಡಿ ಕಂಡುಕೊಂಡೆ: ಅಂದದ ಅಕ್ಷರಗಳ ಆಸೆ ಬಿಟ್ಟು, ಫೋನಿನಲ್ಲೇ ಇರುವ ಸಾದಾ ಕನ್ನಡ ಅಕ್ಷರ ಬಳಸಿದರೆ ಒತ್ತುಗಳು ನೆಟ್ಟಗೆ ಕೂರುತ್ತವೆ. ಹೆಡ್‌ಮಾಸ್ತರು, “ಮೊದ್ಲಿನ ಕಳೆ ಇಲ್ಲ ಬಿಡಮ್ಮ” ಎಂದರು. ನಾನು ಅವರಿಗೆ ಕಣ್ಣು ಮುಚ್ಚಿಕೊಳ್ಳಿ ಎಂದು ಹೇಳಿ, ಪುಟವನ್ನು ಫೋನಿನಿಂದ ಓದಿಸಿದೆ. ಅವರು ಪೂರ್ತಿ ಕೇಳಿದರು. ಅವತ್ತಿನಿಂದ ಕಳೆಯ ಮಾತೆತ್ತಿಲ್ಲ.

ಹಾಗಾಗಿ ಹೋದ ಸೋಮವಾರ ಆ ಚೌಕಗಳಲ್ಲಿ ಒಂದಕ್ಕೂ ನಾನು ಗುರುತು ಹಾಕಲಿಲ್ಲ. ‘ಇತರೆ’ ಜಾಗದಲ್ಲಿ ಬರೆದೆ: ‘ಕನ್ನಡದ ಒತ್ತಕ್ಷರ ಮುರಿಯಬಾರದು. ಅಂದವೂ ಇರಬೇಕು, ಓದಿಸಿದರೆ ಕೇಳಲೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ಥಿತಿ ನಮಗೆ ಬೇಡ. ಫೋನು ಓದಿ ಹೇಳಬಲ್ಲ ಹೆಸರಿಲ್ಲದ ಚಿತ್ರ ಹಾಕಲು ಹೊರಟರೆ ನನ್ನನ್ನು ತಡೆಯಿರಿ.’ ಜಾಗ ಮುಗಿಯಿತು. ಫೋನ್ ಮಾಡಿದರೆ ಉಳಿದದ್ದನ್ನು ಹೇಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಬೇರೆ ಇಮೇಲ್ ಕಳಿಸಿದೆ.

ಮಾಡುತ್ತಾರೆಂದು ನಂಬಿರಲಿಲ್ಲ. ಆದರೆ ಗುರುವಾರ ವಿಡಿಯೊದಲ್ಲಿ ಮಾತಾಡೋಣ ಎಂದು ಉತ್ತರ ಬಂತು. ಲ್ಯಾಪ್‌ಟಾಪು ಹೊತ್ತು ಸೊರಬಕ್ಕೆ ಹೋಗಿ ನಾಗೇಂದ್ರಪ್ಪನವರ ಪಕ್ಕದಲ್ಲಿ ಕುಳಿತೆ. ಕಂಪನಿಯ ಕಡೆಯಿಂದ ಬಂದವಳು ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣುಮಗಳು. ನಾನು ಹಿಂದಿನ ರಾತ್ರಿ ಕಷ್ಟಪಟ್ಟು ಸಿದ್ಧಮಾಡಿದ್ದ ಇಂಗ್ಲಿಷು ಶುರುಮಾಡುತ್ತಿದ್ದಂತೆ, “ಮ್ಯಾಮ್, ಕನ್ನಡದಲ್ಲೇ ಹೇಳಿ. ನಮ್ಮ ಮನೇಲಿ ಕನ್ನಡಾನೇ. ನನಗೆ ಓದೋಕೆ ಮಾತ್ರ ಬರಲ್ಲ, ಹೊರಗಡೆ ಬೆಳೆದಿದ್ದು” ಅಂದಳು.

ನಾನು ಹಳೆಯ ಪುಟ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ನಾಗೇಂದ್ರಪ್ಪನವರು ಎರಡೂ ಪುಟಗಳನ್ನು ಓದಿಸಿ ಕೇಳಿಸಿದರು. ಅವಳು ಪರದೆಗೆ ಹತ್ತಿರ ಬಾಗಿ ಎರಡನ್ನೂ ನೋಡಿದಳು. ಆಮೇಲೆ, “ಸರ್, ನಿಜ ಹೇಳ್ಬೇಕಂದ್ರೆ ನನಗೆ ಎರಡೂ ಪುಟ ಚಿತ್ರಾನೇ. ಅಕ್ಷರ ಗೊತ್ತಿಲ್ವಲ್ಲ” ಅಂದಳು.

“ಹಾಗಾದ್ರೆ ನಾವಿಬ್ರೂ ಒಂದೇ ಬಸ್ಸಿನೋರು” ಎಂದು ನಾಗೇಂದ್ರಪ್ಪನವರು ನಕ್ಕರು. “ನಿಮ್ಮ ಫೋನಲ್ಲೂ ಈ ಓದಿ ಹೇಳೋ ಧ್ವನಿ ಇರ್ತದೆ. ಹಚ್ಚಿ ನೋಡಿ.” ಎಲ್ಲಿ ಒತ್ತಬೇಕು, ಭಾಷೆ ಹೇಗೆ ಬದಲಾಯಿಸಬೇಕು ಎಂದು ಹಳೆಯ ಆಪರೇಟರನ ತಾಳ್ಮೆಯಿಂದ ಹೇಳಿಕೊಟ್ಟರು. ಅವಳ ಫೋನಿನಿಂದ ಅದೇ ಹೆಣ್ಣುಧ್ವನಿ ಸೊರಬದ ಬಸ್ಸುಗಳನ್ನು ಓದಿತು. ಅವಳು ಅದನ್ನು ನಿಲ್ಲಿಸಿ, “ನಮ್ಮಮ್ಮ ದಿನಾ ಉದ್ದುದ್ದ ಮೆಸೇಜ್ ಹಾಕ್ತಾರೆ ಕನ್ನಡದಲ್ಲಿ. ನಾನು ಒಂದು ಹೃದಯದ ಗುರುತು ಕಳಿಸಿ ಸುಮ್ಮನಾಗ್ತೀನಿ” ಎಂದಳು. ತಾನೇ ನಾಚಿಕೊಂಡು ನೋಟ್‌ಬುಕ್ಕಿನಲ್ಲಿ ಏನೋ ಬರೆಯತೊಡಗಿದಳು.

“ಆಗ್ತದಾ ಇದು?” ಎಂದೆ.

“ಆಗುತ್ತೆ ಅಂತ ಮಾತು ಕೊಡೋ ಅಧಿಕಾರ ನನಗಿಲ್ಲ ಮ್ಯಾಮ್. ಜಗಳ ಆಡೋ ಅಧಿಕಾರ ಇದೆ. ಆಡ್ತೀನಿ.”

ಆ ಮಾತು ನನಗೆ ಸಾಕು. ಅವರು ಮಾಡಿದರೂ ಸರಿ, ತಡ ಮಾಡಿದರೂ ಸರಿ, ನನ್ನ ಅಂಗಡಿಯ ಮುಂದಿನ ಆವೃತ್ತಿ ಮಾತ್ರ ಆಗಲೇ ಬಂದಾಗಿದೆ. ಈಗ ಯಾವ ಪುಟವೂ ಮೊದಲು ಸೊರಬದ ಕಿವಿಗೆ ಬೀಳದೆ ಗಿರಾಕಿಯ ಕೈಗೆ ಹೋಗುವುದಿಲ್ಲ.

ಇವತ್ತು ಬೆಳಿಗ್ಗೆ ಟೈಲ್ಸ್ ಅಂಗಡಿಯವರು ತಮ್ಮ ಪುಟ ನೋಡಲು ಬಂದಿದ್ದರು. “ಹೆಸರು ಫೋಟೋದಾಗ ಹಾಕ್ರಿ ಅಕ್ಕಾರ, ಬಂಗಾರದಂಗ ಮಿಂಚಬೇಕು” ಎಂದು ಹಟ. “ಕೂತ್ಕೊಳ್ಳಿ, ಒಬ್ಬರು ಪರೀಕ್ಷೆ ಮಾಡ್ತಿದಾರೆ” ಎಂದು ಸೊರಬದ ಲ್ಯಾಂಡ್‌ಲೈನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

“ಹೆಸರು ಚೆನ್ನಾಗಿ ಬಂತು” ಎಂದರು ನಾಗೇಂದ್ರಪ್ಪನವರು. “ವಿಳಾಸ ಬಂತು. ಕೆಳಗೆ ಒಂದು ಬಟನ್ ಇದೆ ಮೇಡಂ, ಅದಕ್ಕೆ ಹೆಸರಿಲ್ಲ. ಬರೀ ‘ಬಟನ್’ ಅಂತದೆ. ಒತ್ತಿದ್ರೆ ಎಂತ ಆಗ್ತದೋ ಗೊತ್ತಿಲ್ದೆ ಹೆಂಗೆ ಒತ್ತೋದು?”

ಟೈಲ್ಸ್ ಅಂಗಡಿಯವರು ಕುರ್ಚಿಯಿಂದ ಮುಂದಕ್ಕೆ ಬಂದರು. “ಅದು ನನಗ ಫೋನ್ ಮಾಡೋ ಬಟನ್ ಐತ್ರೀ! ವ್ಯಾಪಾರ ಎಲ್ಲ ಅದರಾಗೇ ಐತಿ!”

“ಹಾಗಂತ ಬರೀರಲ್ಲ ಮತ್ತೆ.”

ನಾನು ಬಟನ್ನಿಗೆ ‘ಅಂಗಡಿಗೆ ಫೋನ್ ಮಾಡಿ’ ಎಂದು ಹೆಸರಿಟ್ಟು ಪುಟವನ್ನು ಮತ್ತೆ ಏರಿಸಿದೆ. ಅತ್ತ ಕಡೆ ಹೆಣ್ಣುಧ್ವನಿ ಅದನ್ನು ಓದಿದ್ದು ನಮಗೂ ಕೇಳಿಸಿತು. “ಈಗ ಒತ್ತಿ ನೋಡ್ತೀನಿ” ಎಂದರು ನಾಗೇಂದ್ರಪ್ಪನವರು. ಅಷ್ಟರಲ್ಲಿ ಟೈಲ್ಸ್ ಅಂಗಡಿಯವರ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನಂಬರು ನೋಡಿದರು, ಅಂಗಿ ಸರಿಮಾಡಿಕೊಂಡು ಎದ್ದು ನಿಂತು ಫೋನ್ ತೆಗೆದು, “ನಮಸ್ಕಾರ್ರೀ, ಹೇಳ್ರೀ, ಏನು ಬೇಕಿತ್ತು?” ಅಂದರು.