ಅಮೃತಾಳ ಸರ್ಟಿಫಿಕೇಟು

ಬೇಸಿಗೆ ರಜೆಗೆ ಯಲಬುರ್ಗಾದ ಹುಡುಗಿಯರೆಲ್ಲ ಅಜ್ಜಿಯ ಊರಿನ ಬಸ್ಸು ಹತ್ತಿದರೆ, ಒಂಬತ್ತನೇ ತರಗತಿ ಮುಗಿಸಿದ ಅಮೃತಾ ಎರಡು ಜಡೆ ಬಿಗಿದು, ಮಾರ್ಕ್ಸ್ ಕಾರ್ಡಿನ ಫೈಲನ್ನು ಎದೆಗವಚಿಕೊಂಡು ಇಂಟರ್ನ್‌ಶಿಪ್ ಹುಡುಕಲು ಹೊರಡುತ್ತಾಳೆ. "ಪಗಾರ ಬ್ಯಾಡ್ರಿ ಸರ, ವ್ಯವಹಾರ ಕಲಿಸಿದ್ರ ಸಾಕ್ರಿ" ಎಂಬುದು ಅವಳ ಮಂತ್ರ. ಕೊಪ್ಪಳದಲ್ಲಿ ಕಾಳುಕಡಿ ದಲ್ಲಾಳಿ ಮಾಡುವ ಅಡತಿ ಅಂಗಡಿಯವರು ಫೈಲು ಕಂಡೊಡನೆ "ಯಾರ ಲಗ್ನಪತ್ರಿಕೆ ತಂದಿಯವ್ವಾ?" ಎಂದು ಕೈಚಾಚುತ್ತಾರೆ, ಗಂಗಾವತಿಯ ಅಕ್ಕಿ ಗಿರಣಿಯವರು ಚಹಾ ಕುಡಿಸಿ ಕಳಿಸುತ್ತಾರೆ. ಹತ್ತು ಕಡೆ ಇಲ್ಲವೆನಿಸಿಕೊಂಡರೂ ಹನ್ನೊಂದನೆಯ ಅಂಗಡಿಯ ಮೆಟ್ಟಿಲನ್ನು ಅವಳು ಜಿಗಿದೇ ಹತ್ತುತ್ತಾಳೆ. ಊರಿನ ಬ್ಯಾಂಕಿನ ಮ್ಯಾನೇಜರ್ ಸಾಹೇಬರು "ನಾಳೆ ನೋಡೂಣು" ಎಂದದ್ದೇ ತಡ, ಬಾಗಿಲ ಬಳಿಯ ಬೆಂಚು ಅವಳ ಆಫೀಸಾಗಿಬಿಟ್ಟಿತು. ದಿನವೂ ನಾಳೆಗಾಗಿ ಕಾಯುತ್ತ, ಪಿಂಚಣಿಗೆ ಬಂದ ಮುದುಕಿಯರ ಚೀಟಿಗಳನ್ನು ತುಂಬುತ್ತಾಳೆ. "ಹೆಬ್ಬೆಟ್ಟು ಒತ್ತಿದ್ದು ಸಾಕು ಆಯಿ, ಸಹಿ ಮಾಡಬೇ" ಎಂದು ಅವರಲ್ಲಿ ಮುದುಕವ್ವ ಎಂಬ ಹೆಸರಿನವಳಿಗೆ ಗಂಟುಬೀಳುತ್ತಾಳೆ. "ಸಾಯೂ ಕಾಲಕ್ಕ ನನಗ ಸಾಲಿ ಏನ ಯವ್ವಾ?" ಎಂದು ನಗುತ್ತಲೇ ಮುದುಕವ್ವ ಚೀಟಿಯ ಬೆನ್ನಿಗೆ ಅಕ್ಷರ ತಿದ್ದುತ್ತಾಳೆ. ಸಾಹೇಬರ ನಾಳೆ ಬರುವ ಮೊದಲೇ ರಜೆ ಮುಗಿಯಿತು. ಆದರೂ ಸಾಲೆ ತೆರೆದ ದಿನ ಅಮೃತಾ ಕುಣಿಯುತ್ತ ಬಂದು ಗೆಳತಿಯರ ಮುಂದೆ ಸರ್ಟಿಫಿಕೇಟು ಹಿಡಿದಳು. "ಅಮೃತಾ ಒಂದು ತಿಂಗಳು ಬ್ಯಾಂಕಿನಲ್ಲಿ ಛಲೋ ಕೆಲಸ ಮಾಡ್ಯಾಳ" ಎಂದು ಅವಳೇ ಬರೆದುಕೊಂಡ ಹಾಳೆ ಅದು. ಅದರ ಕೆಳಗೆ, ಸಾಹೇಬರ ಸಹಿ ಇರಬೇಕಾದ ಜಾಗದಲ್ಲಿ, ಎಪ್ಪತ್ತು ವರ್ಷದ ಮೇಲೆ ಮೊದಲ ಸಲ ತನ್ನ ಹೆಸರು ಬರೆದವಳ ನಾಲ್ಕು ಸೊಟ್ಟ ಅಕ್ಷರಗಳಿದ್ದವು: ಮುದುಕವ್ವ.