ಆರ್ಗನ್ ಸೇರದ ನಾಲ್ಕನೆಯ ಚರಣ

ಮೊನ್ನೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹಳೆಯ ಬೀರು ತೆಗೆದರೆ ಗಪ್ಪೆಂದು ನುಸಿಗುಳಿಗೆಯ ವಾಸನೆ ಬಡಿಯಿತು. ಹಬ್ಬಕ್ಕೆ ಮುಂಚೆ ಕ್ವಾಯರಿನ, ಅಂದರೆ ಹಾಡುವ ತಂಡದ, ಬಿಳಿ ನಿಲುವಂಗಿಗಳನ್ನು ಬಿಸಿಲಿಗೆ ಹಾಕುವುದು ವರ್ಷಾವರ್ಷದ ಕೆಲಸ. ಬೇರೆಯವರು ಮಾಡಿದರೆ ನನಗೆ ಸಮಾಧಾನವಿಲ್ಲ, ನಾನೇ ಮಾಡಿದರೆ ಸೊಂಟ ಹಿಡಿಯುತ್ತದೆ. ತಳದಲ್ಲಿ ಒಂದು ಭಾರೀ ನಿಲುವಂಗಿ ಸಿಕ್ಕಿತು, ಇಬ್ಬರು ಹೊಕ್ಕರೂ ಜಾಗ ಉಳಿಯುವಂಥದ್ದು. ಸೊಲೊಮನ್ ಅಂಕಲ್ ಅವರದು. ಅದನ್ನು ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಜಯನಗರದಲ್ಲಿ ನಮ್ಮದು ಸಣ್ಣ ಕನ್ನಡ ಸಭೆ. ಸೊಲೊಮನ್ ಅಂಕಲ್ ಫ್ಯಾಕ್ಟರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಬುಧವಾರ ಸಂಜೆ ಮತ್ತು ಭಾನುವಾರ ಬೆಳಗ್ಗೆ ಮಾತ್ರ ನಮ್ಮ ಕ್ವಾಯರಿನ ದೊರೆ. ತಾಳ ತೋರಿಸಿ ಹಾಡಿಸಲು ಅವರ ಕೈಯಲ್ಲೊಂದು ಸಪೂರ ಕೋಲು. ನಾವದನ್ನು ಸ್ಟಿಕ್ ಎನ್ನುತ್ತಿದ್ದೆವು. ಬನಶಂಕರಿಯಿಂದ, ಸುಬ್ರಹ್ಮಣ್ಯಪುರದಿಂದ ಬಸ್ಸು ಹಿಡಿದು ಬರುವ ಗುಮಾಸ್ತರು, ನರ್ಸುಗಳು, ಟೀಚರುಗಳನ್ನು ಕಟ್ಟಿಕೊಂಡು ನಾಲ್ಕು ಧ್ವನಿಗಳಲ್ಲಿ ಹಾಡಿಸಬೇಕು ಪಾಪ. ನಾವೋ ಭಜನೆ ಕೇಳಿ ಬೆಳೆದವರು. ಸ್ಟಿಕ್ ಒಂದು ಹೇಳಿದರೆ ನಮ್ಮ ಅಂಗೈ ತೊಡೆಯ ಮೇಲೆ ತನ್ನದೇ ತಾಳ ಹಾಕುತ್ತಿತ್ತು. "ಪುಸ್ತಕ ಎರಡೂ ಕೈಲಿ ಹಿಡ್ಕೊಳ್ರಪ್ಪಾ!" ಎಂದು ಕೂಗಿ ಕೂಗಿ ಹಾಡು ಶುರುವಾಗುವ ಮೊದಲೇ ಅವರ ಗಂಟಲು ಕಟ್ಟುತ್ತಿತ್ತು.

ಆರ್ಗನ್ ನುಡಿಸುವ ಕೆಲಸ ನನ್ನದು. ಕಾಲಲ್ಲಿ ತುಳಿದು ಗಾಳಿ ತುಂಬುವ ಹಳೆಯ ಆರ್ಗನ್. ಶಾಲೆಯಲ್ಲಿ ಟೀಚರ್ ಕೆಲಸ, ಚಿಕ್ಕ ವಯಸ್ಸು, ಪಾಶ್ಚಾತ್ಯ ಸಂಗೀತದ ಪರೀಕ್ಷೆ ಬೇರೆ ಪಾಸಾಗಿತ್ತು. ಜಂಭಕ್ಕೆ ಇನ್ನೇನು ಬೇಕು? ಸೊಲೊಮನ್ ಅಂಕಲ್ ನನ್ನನ್ನು "ಏ ಹುಡುಗಿ" ಎಂದೇ ಕರೆಯುತ್ತಿದ್ದರು. ಅದು ನನಗೆ ಮೈ ಉರಿಸುತ್ತಿತ್ತು.

ಹಿಂದಿನ ಕ್ರಿಸ್ಮಸ್ಸಿನಲ್ಲಿ ಗಂಡಸರು ಹೆಂಗಸರಿಗಿಂತ ಮೊದಲೇ ಬಾಯಿ ತೆಗೆದು ಮಾನ ಕಳೆದಿದ್ದರು. ಅಂದಿನಿಂದ ಸಭೆಯ ಸೆಕ್ರೆಟರಿ ವಸಂತಕುಮಾರ್ ಅಂಕಲ್ ಕಾಯುತ್ತಲೇ ಇದ್ದರು. ಬಿಷಪ್ ನಮ್ಮಲ್ಲಿಗೆ ಬರುವ ಭಾನುವಾರ ಹತ್ತಿರವಾದಾಗ, ನಾಲ್ಕನೇ ಬ್ಲಾಕಿನ ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡು ಸ್ಕೂಟರ್ ನಿಲ್ಲಿಸಿದರು.

"ಈ ಸಲನೂ ಎಡವಟ್ಟಾದ್ರೆ ಸೊಲೊಮನ್‌ಗೆ ರೆಸ್ಟ್ ಕೊಡ್ತೀವಮ್ಮ. ಕಮಿಟೀಲಿ ಮಾತಾಗಿದೆ. ಸ್ಟಿಕ್ ನಿನಗೇ."

"ನನಗಾ ಅಂಕಲ್? ಹೆಂಗಸ್ರು ಯಾರೂ..."

"ಕಾಲ ಬದಲಾಗಿದೆ ಬಿಡು. ನೀನೇನೂ ಮಾಡೋದು ಬೇಡ. ಪುಸ್ತಕದಲ್ಲಿ ಹೆಂಗಿದ್ಯೋ ಹಂಗೆ ನುಡಿಸು, ಸಾಕು."

ಬೇಡ ಎಂದೆನೇ? ಎಲ್ಲಿ ಬಂತು! ನನಗದು ಬೇಕಿತ್ತು. ಮನೆಗೆ ಹೋದವಳೇ ಕನ್ನಡಿಯ ಮುಂದೆ ಅಮ್ಮನ ಹೆಣಿಗೆ ಕಡ್ಡಿ ಹಿಡಿದು ಕೈ ಬೀಸಿ ನೋಡಿಕೊಂಡೆ. ಚೆನ್ನಾಗಿಯೇ ಕಾಣುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆ ಭಾನುವಾರ ಕಾಲಿಡಲು ಜಾಗವಿರಲಿಲ್ಲ. ಹಾಡಿಗೆ ನಾಲ್ಕು ಚರಣ. ಮೂರನ್ನು ಬರೀ ಗಂಟಲಲ್ಲಿ ಹಾಡಬೇಕು, ನಾಲ್ಕನೆಯದಕ್ಕೆ ಆರ್ಗನ್ ಜೋರಾಗಿ ಸೇರಬೇಕು. ಶ್ರುತಿಗೆ ತಂಬೂರಿಯಿಲ್ಲದೆ ಹಾಡುವ ಕಷ್ಟ ಯೋಚಿಸಿ. ಹೆದರಿದ ಗಂಟಲು ಕೆಳಗೆ ಜಾರುತ್ತದೆ. ಎಲ್ಲರೂ ಒಟ್ಟಿಗೇ ಜಾರಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಕೇಳುವವರಿಗೂ ಸಹ.

ಎರಡನೆಯ ಚರಣದಲ್ಲಿ ನನಗೆ ಗೊತ್ತಾಯಿತು. ಇಳಿಯುತ್ತಿದ್ದಾರೆ. ಸೊಲೊಮನ್ ಅಂಕಲ್ ಮುಖ ನೋಡಿದೆ. ಗಂಡಸರು ಎಲ್ಲಿ ಮುಂಚೆಯೇ ಹಾರುತ್ತಾರೋ ಎಂಬ ಭಯದಲ್ಲಿ ಅವರು ಆ ಸಾಲನ್ನೇ ನುಂಗುವಂತೆ ನೋಡುತ್ತಿದ್ದರು. ಶ್ರುತಿಯ ಕಡೆ ಕಿವಿಯಿರಲಿಲ್ಲ. ಮೂರನೆಯ ಚರಣ ಬಂತು, ಇನ್ನೂ ಇಳಿದರು. ಇಳಿಸಿ ನುಡಿಸಬಹುದಿತ್ತಲ್ಲ ಎನ್ನುತ್ತೀರಾ? ಅವರು ಎರಡು ಕೀಗಳ ನಡುವಿನ ಸಂದಿಗೆ ಹೋಗಿ ಕೂತಿದ್ದರು. ಅಲ್ಲಿಗೆ ನನ್ನ ಬೆರಳು ಹೋಗುವ ಹಾಗಿರಲಿಲ್ಲ. ನಾನು ನುಡಿಸಿದರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಇಡೀ ಸಭೆಗೆ ಕರಕರ ಕೇಳುತ್ತಿತ್ತು. ಬಿಷಪ್ ಎದುರಿಗೇ.

ತಪ್ಪು ನನ್ನದಾಗುತ್ತಿತ್ತೇ? ಇಲ್ಲ. ಪುಸ್ತಕದಲ್ಲಿದ್ದಂತೆ ನುಡಿಸಿದೆ ಎಂದರೆ ಮುಗಿಯಿತು. ಸ್ಟಿಕ್ ನನ್ನ ಕೈಗೆ ಬರುತ್ತಿತ್ತು. ಕಾಲು ಆಗಲೇ ತುಳಿಯತೊಡಗಿತ್ತು, ಗಾಳಿ ತುಂಬಿತ್ತು. ಸೊಲೊಮನ್ ಅಂಕಲ್ ಎಡಗೈ ನನ್ನತ್ತ ಎತ್ತಿದರು, ಬಾ ಎಂದು.

ನಾನು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡೆ.

ಅವರ ಮುಖ ಬಿಳಿಚಿಕೊಂಡಿತು. ಹುಡುಗಿ ಕೈಕೊಟ್ಟಳು ಎಂದುಕೊಂಡರು ಖಂಡಿತ. ನಾನು ತಲೆಯಾಡಿಸಿ, ಶ್ರುತಿ ಇಳಿದಿದೆ ಎಂದು ಹೆಬ್ಬೆರಳನ್ನು ಕೆಳಕ್ಕೆ ತೋರಿಸಿದೆ. ಆಗ ಅವರಿಗೆ ಕೇಳಿಸಿತು. ಎತ್ತಿದ ಎಡಗೈಯನ್ನು ಹಾಗೆಯೇ ಕ್ವಾಯರಿನ ಕಡೆ ತಿರುಗಿಸಿ, ಮೆಲ್ಲಗೆ ಎಂದು ಸನ್ನೆ ಮಾಡಿ, ಕೊನೆಯ ಚರಣವನ್ನೂ ಬರೀ ಗಂಟಲಲ್ಲೇ ದಡ ಸೇರಿಸಿದರು.

ಬಿಷಪ್ ಬಾಯಿ ತುಂಬ ಹೊಗಳಿದರು. ಸೊಲೊಮನ್ ಅಂಕಲ್ ಉಳಿದರು, ನನ್ನ ಆಸೆಗೆ ಅಲ್ಲಿಗೆ ಎಳ್ಳುನೀರು. ಹೊಟ್ಟೆ ಉರಿಯಿತು, ಹಗುರವೂ ಆಯಿತು. ಆದರೆ ಆರಾಧನೆ ಮುಗಿದ ಮೇಲೆ, ಎಲ್ಲರೂ ಇಡ್ಲಿ ತಟ್ಟೆ ಹಿಡಿದು ನಿಂತಿದ್ದಾಗ ವಸಂತಕುಮಾರ್ ಅಂಕಲ್ ನನ್ನ ಮೇಲೆ ಹರಿಹಾಯ್ದರು.

"ಏನಮ್ಮಾ, ಅಲ್ಲಿ ನಿದ್ದೆ ಮಾಡ್ತಿದ್ಯಾ? ಸಿಗ್ನಲ್ ಕೊಟ್ರೂ ನುಡಿಸಲಿಲ್ಲ! ಬೇರೆಯವ್ರನ್ನ ನೋಡ್ಕೋತೀವಿ ನಾವು."

ನಿಜ ಹೇಳಿದರೆ ಅಂಕಲ್ ಹೋಗುತ್ತಾರೆ, ಹೇಳದಿದ್ದರೆ ನಾನು. ಸೊಲೊಮನ್ ಅಂಕಲ್ ತಟ್ಟೆ ಕೆಳಗಿಟ್ಟರು.

"ಅವಳನ್ನ ಏನೂ ಅನ್ನಬೇಡಿ ಸಾರ್. ಕ್ವಾಯರ್ ಶ್ರುತಿ ಬಿಟ್ಟಿತ್ತು. ನನಗೆ ಕೇಳಿಸ್ಲಿಲ್ಲ. ಇವಳಿಗೆ ಕೇಳಿಸ್ತು. ಇವಳು ಕೈ ಇಟ್ಟಿದ್ರೆ ಇವತ್ತು ನಮ್ಮೆಲ್ಲರ ಮಾನ ಹೋಗ್ತಿತ್ತು." ಮತ್ತೆ, "ಕೇಳಿಸಿದವರ ಕೈಲೇ ಸ್ಟಿಕ್ ಇರ್ಲಿ" ಎಂದರು.

ಬುಧವಾರ ನಾನು ಹೋದಾಗ ಅವರು ಗಂಡಸರ ಹಿಂದಿನ ಸಾಲಿನಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ನಾನು ಸ್ಟಿಕ್ ಹಿಡಿದು ಮುಂದೆ ನಿಂತೆ. ಮೊದಲ ಚರಣ ಮುಗಿದಾಗ ಅಂಕಲ್ ಶಾಲೆಯ ಮಕ್ಕಳಂತೆ ಕೈ ಎತ್ತಿ, "ಮೇಡಂ, ಎರಡನೇ ಸಾಲು ಇನ್ನೊಂದ್ಸಲ ತಗೊಳ್ಳೋಣ್ವಾ?" ಎಂದರು. ಯಾರೂ ನಗಲಿಲ್ಲ. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅಂದಿನಿಂದ ಇಂದಿನವರೆಗೆ ಸ್ಟಿಕ್ ನನ್ನಲ್ಲೇ ಇದೆ. ಎಷ್ಟು ಕ್ರಿಸ್ಮಸ್, ಎಷ್ಟು ಈಸ್ಟರ್, ಎಷ್ಟು ಸೆಕ್ರೆಟರಿಗಳ ಜೊತೆ ಜಗಳ! ಕಮಿಟಿಯವರು ನನ್ನ ಕಂಡರೆ ರಸ್ತೆ ದಾಟುತ್ತಾರೆ. ಕಳೆದ ವಾರ ಪ್ರಾಕ್ಟೀಸಿನಲ್ಲಿ ಹಾಡು ಮುಗಿಸಿ, ಸಖತ್ತಾಗಿತ್ತು ಎಂದು ನಾನೇ ಬೀಗುತ್ತಿದ್ದರೆ, ಕೀಬೋರ್ಡ್ ನುಡಿಸುವ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

"ಯಾಕೆ, ಶ್ರುತಿ ಇಳೀತಾ?"

"ಸ್ವಲ್ಪ, ಆಂಟಿ."

ನನಗೆ ಕೇಳಿಸಿರಲಿಲ್ಲ. ನಾಲ್ಕೈದು ದಿನ ಯಾರಿಗೂ ಹೇಳದೆ ನುಂಗಿಕೊಂಡು ಓಡಾಡಿದೆ. ಮೊನ್ನೆ ಆ ಬೆಂಚಿನಿಂದ ಎದ್ದವಳೇ ಸೆಕ್ರೆಟರಿಗೆ ಫೋನ್ ಮಾಡಿದೆ. ಹಬ್ಬಕ್ಕೆ ಹಾಡಿಸುವವಳು ಆ ಕೀಬೋರ್ಡ್ ಹುಡುಗಿ, ನಾನು ಹೆಂಗಸರ ಹಿಂದಿನ ಸಾಲಿನಲ್ಲಿ ಹಾಡುತ್ತೇನೆ ಎಂದೆ. ಅವರು ಖುಷಿಯನ್ನು ಮುಚ್ಚಿಡಲು ಬಹಳ ಕಷ್ಟಪಟ್ಟರು.

ನನಗೆ ಸ್ಟಿಕ್ ಬಿಡಲು ಒಂದಿಷ್ಟೂ ಮನಸ್ಸಿಲ್ಲ. ಸೊಲೊಮನ್ ಅಂಕಲ್‌ಗೂ ಇರಲಿಲ್ಲವೇನೋ. ಇಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ.