ಸಂಜೀವಣ್ಣನ ಹತ್ತು ನಿಮಿಷ

ಮೊನ್ನೆ ತಲ್ಲೂರು ದಾಟಿ ಕುಂದಾಪುರದ ಕಡೆಗೆ ಬರುವಾಗ ಹೆದ್ದಾರಿಯ ಬದಿಯಲ್ಲಿ ವಾಹನಗಳ ವೇಗ ತೋರಿಸುವ ಹೊಸದೊಂದು ಫಲಕ ಕಂಡಿತು. ನಮ್ಮ ಕಾರು ಹತ್ತಿರವಾಗುತ್ತಿದ್ದಂತೆ ಅದರಲ್ಲಿ ಕೆಂಪಗೆ ಅರವತ್ತೆಂಟು ಎಂದು ಮೂಡಿತು. ಕಾರು ಬಿಡುತ್ತಿದ್ದ ತಮ್ಮನ ಮಗ ತನ್ನ ಎದುರಿನ ಮುಳ್ಳನ್ನು ತೋರಿಸಿ, "ದೊಡ್ಡಪ್ಪ, ಕಾಣಿ, ನಾನ್ ಐವತ್ತೈದರಲ್ಲೇ ಇದ್ದೆ. ಅದ್ ಸುಳ್ ಹೇಳ್ತಿತ್ತ್" ಅಂದ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನಾನು ಮನೆ ಮುಟ್ಟುವವರೆಗೆ ಆ ಫಲಕವನ್ನು ನೆಟ್ಟವರಾರು, ಅದು ಸರಿಯಿದೆಯೋ ಎಂದು ನೋಡುವವರಾರು, ನೋಡುವವರನ್ನು ನೋಡುವವರಾರು ಎಂದು ಯೋಚಿಸುತ್ತ ಕೂತೆ.

ನನ್ನದು ಸಂಶಯದ ಸ್ವಭಾವ. ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ. ಮದುವೆಯ ಕಾಗದ ಬಂದರೆ ಅದರಲ್ಲಿರುವ ತಾರೀಕಿಗೂ ವಾರಕ್ಕೂ ತಾಳೆ ಬೀಳುತ್ತದೆಯೇ ಎಂದು ಕ್ಯಾಲೆಂಡರಿನಲ್ಲಿ ಹುಡುಕುತ್ತೇನೆ. ಮನೆಯವಳು ಇದಕ್ಕೆ ಒಗ್ಗಿಹೋಗಿದ್ದಾಳೆ. ಆದರೆ ಈ ಸ್ವಭಾವ ಒಮ್ಮೆ ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದದ್ದನ್ನು ಅವಳಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ. ಊರಿನ ಹೆಸರು ಮಾತ್ರ ಕೇಳಬೇಡಿ. ಆಗಿನ ಪಂಚಾಯತಿ ಅಧ್ಯಕ್ಷರ ಮೊಮ್ಮಕ್ಕಳು ಈಗಲೂ ದಾರಿಯಲ್ಲಿ ಸಿಕ್ಕಿದರೆ ನನಗೆ ಕೈ ಮುಗಿಯುತ್ತಾರೆ.

ಎಪ್ಪತ್ತನೇ ಇಸವಿಯ ಆಸುಪಾಸು. ನಾನು ಹೊಸದಾಗಿ ಮಾಷ್ಟ್ರಾದವನು. ತಲ್ಲೂರಿನಿಂದ ಆಚೆ, ರಸ್ತೆಯ ತಿರುವಿಗೆ ತಾಗಿಕೊಂಡೇ ನಮ್ಮ ಶಾಲೆ. ಬೈಂದೂರು ಕಡೆಯಿಂದ ಬೆಳಗ್ಗೆ ಒಂದೇ ಬಸ್ಸು. ಅದನ್ನು ಬಿಡುತ್ತಿದ್ದವರು ಸಂಜೀವಣ್ಣ. ಗಿಡ್ಡ ಆಳು, ಹೆಗಲ ಮೇಲೆ ಯಾವಾಗಲೂ ಬೆವರೊರೆಸುವ ಒಂದು ಬೈರಾಸು. ಒಂದು ದಿನ ಆ ತಿರುವಿನಲ್ಲಿ ಬಸ್ಸಿನ ಬದಿ ತಾಗಿ, ಮೀನು ಮಾರುವ ಗಿರಿಜಕ್ಕ ಬುಟ್ಟಿ ಸಮೇತ ಬಿದ್ದಳು. ರಸ್ತೆ ತುಂಬ ಬಂಗುಡೆ. ಅವಳ ಮಣಿಕಟ್ಟು ಮುರಿದಿತ್ತು. ಸಂಜೀವಣ್ಣ ಅವಳನ್ನು ಬಸ್ಸಿಗೆ ಹತ್ತಿಸಿ, ನಡುವೆ ಎಲ್ಲಿಯೂ ನಿಲ್ಲಿಸದೆ, ಇಳಿಯಬೇಕಾದವರು ಬೊಬ್ಬೆ ಹೊಡೆದರೂ ಕೇಳದೆ, ನೇರ ಕುಂದಾಪುರದ ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದರು. ಹಾಗೆ ಮುಟ್ಟಿಸಿದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. "ಅಷ್ಟ್ ಜೋರ್ ಬಪ್ಪುಕೆ ಅವ್ನಿಗ್ ಎಂತ ಅರ್ಜೆಂಟ್?" ಎಂಬುದೊಂದೇ ಮಾತು ಊರಿಡೀ.

ಪಂಚಾಯತಿ ಸಭೆ ಸೇರಿತು. ತಿರುವಿನಲ್ಲಿ ಡಾಮರಿನ ಖಾಲಿ ಡ್ರಮ್ಮು ಇಡಬೇಕೆಂದು ಒಬ್ಬರು ಹೇಳಿದರು. ಡ್ರಮ್ಮಿಟ್ಟರೆ ಮಾರನೆಯ ದಿನವೇ ಅದು ಯಾರದೋ ಬಚ್ಚಲಿಗೆ ಹೋಗುತ್ತದೆ ಎಂದು ಇನ್ನೊಬ್ಬರು. ಕೊನೆಗೆ ಅಧ್ಯಕ್ಷರೇ ಒಂದು ಉಪಾಯ ತೆಗೆದರು. ಉಪ್ಪುಂದದ ಈಚೆಗೆ ನನ್ನ ಸೋದರಮಾವನ ಅಂಗಡಿಯಿತ್ತು. ಅದರ ಎದುರಿನಿಂದ ನಮ್ಮ ಶಾಲೆಯ ತಿರುವಿನವರೆಗೆ ಬಸ್ಸು ನಲವತ್ತು ನಿಮಿಷಕ್ಕಿಂತ ಬೇಗ ಬರಕೂಡದು. ಅಲ್ಲಿ ಬಸ್ಸು ಹೊರಟ ಗಂಟೆಯನ್ನು ಮಾವ ಚೀಟಿಯಲ್ಲಿ ಬರೆದು ಕಂಡಕ್ಟರನ ಕೈಗೆ ಕೊಡಬೇಕು. ಇಲ್ಲಿ ಮುಟ್ಟಿದ ಗಂಟೆಯನ್ನು ನಾನು ಬರೆಯಬೇಕು. ಠರಾವು ಪಾಸಾಯಿತು. ಬಸ್ಸಿನ ಧಣಿಗಳೂ ಒಪ್ಪಿದರು. ತಪ್ಪು ಕಂಡರೆ ಡ್ರೈವರನ್ನು ಇಳಿಸಿಬಿಡುತ್ತೇನೆ ಎಂದು ಸಭೆಯಲ್ಲೇ ಹೇಳಿದರು.

ಈ ಠರಾವಿನ ಹಿಂದೆ ಏನಿದೆ ಎಂದು ಸಂಶಯಪಡದವರು ಊರಲ್ಲಿ ಇರಲಿಲ್ಲ. ಅಧ್ಯಕ್ಷರ ಮನೆಯೆದುರು ಬಸ್ಸು ನಿಲ್ಲಿಸುವುದಿಲ್ಲವೆಂಬ ಸಿಟ್ಟಿಗೆ ಇದೆಲ್ಲ ಎಂದರು ಕೆಲವರು. ಧಣಿಗಳಿಗೇ ಸಂಜೀವಣ್ಣನನ್ನು ತೆಗೆಯಬೇಕಿತ್ತು, ನೆವ ಬೇಕಿತ್ತು ಎಂದರು ಇನ್ನು ಕೆಲವರು. ನನಗೆ ಈ ಕೆಲಸ ವಹಿಸಿದ್ದು ನನ್ನ ಕೈಗಡಿಯಾರ ನೋಡಿ. ಮುಂಬಯಿಯ ಹೋಟೆಲಿನಲ್ಲಿದ್ದ ಅಣ್ಣ ತಂದುಕೊಟ್ಟದ್ದು. ದಿನಾ ರೇಡಿಯೋ ವಾರ್ತೆಗೆ ಹೊಂದಿಸಿಕೊಳ್ಳುತ್ತಿದ್ದೆ. ಊರಿನಲ್ಲಿ ಸರಿಯಾದ ಗಂಟೆ ಇರುವುದು ನನ್ನ ಮಣಿಕಟ್ಟಿನಲ್ಲಿ ಮಾತ್ರ ಎಂಬ ಜಂಬವೂ ಇತ್ತು.

ಮೊದಲ ದಿನದ ಚೀಟಿಯಲ್ಲಿ ಮಾವನ ಗುಂಡು ಅಕ್ಷರ: ಎಂಟು ಹತ್ತು. ನನ್ನ ಗಡಿಯಾರದಲ್ಲಿ ಎಂಟು ನಲವತ್ತೈದು. ಮೂವತ್ತೈದೇ ನಿಮಿಷ! ಬೆರಳಲ್ಲಿ ಮತ್ತೊಮ್ಮೆ ಎಣಿಸಿದೆ. ಬಸ್ಸು ಮಾವನ ಅಂಗಡಿಯ ಸ್ಟಾಪಿನಿಂದ ಹೊರಡಬೇಕಾದದ್ದು ಎಂಟು ಗಂಟೆಗೆ. ಅಂದರೆ ಈ ಮನುಷ್ಯ ಹತ್ತು ನಿಮಿಷ ಅಲ್ಲೆಲ್ಲೋ ಕಳೆದು, ಅದನ್ನು ತುಂಬಿಕೊಳ್ಳಲು ಓಡಿಸಿಕೊಂಡು ಬರುತ್ತಾನೆ. ಎರಡನೆಯ ದಿನವೂ ಎಂಟು ಹತ್ತು. ಮೂರನೆಯ ದಿನವೂ ಹಾಗೆಯೇ. ನನಗೆ ಖುಷಿಯೇ ಆಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮಾವನ ಅಂಗಡಿಯ ಪಕ್ಕದ ಹೋಟೆಲಿನ ಗೋಳಿಬಜೆ ಆ ಕಡೆಯಲ್ಲೆಲ್ಲ ಹೆಸರು ಮಾಡಿತ್ತು. ಸಂಜೀವಣ್ಣ ಅಲ್ಲಿ ಕೂತು ಬಿಸಿ ಬಿಸಿ ಗೋಳಿಬಜೆ ತಿನ್ನುತ್ತಾರೆಂದು ನಾನು ತೀರ್ಮಾನಿಸಿಬಿಟ್ಟೆ. ಸ್ಟೇರಿಂಗ್ ಹಿಡಿದ ಅವರ ಬೆರಳುಗಳಲ್ಲಿ ಎಣ್ಣೆ ಮಿನುಗುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಒಂದು ದಿನ ಮಿನುಗಿದಂತೆಯೂ ಕಂಡಿತು.

ನಾಲ್ಕನೆಯ ದಿನ ಸಂಜೀವಣ್ಣ ಬಸ್ಸಿನಿಂದ ಇಳಿದು ಬಂದರು.

"ಹ್ವಾಯ್ ಮಾಷ್ಟ್ರೇ, ನಾನ್ ಓಡಿಸ್ಕಂಡ್ ಬತ್ತಿಲ್ಲೆ. ಬಸ್ಸಲ್ಲ್ ಕೂತವ್ರನ್ನ್ ಕೇಣಿ."

"ಕೂತವರಿಗೆ ಬೇಗ ಮುಟ್ಟಿದರೆ ಸಾಕು. ಅವರೇನು ಹೇಳ್ತಾರೆ?" ಅಂದೆ ನಾನು. ಮಾಷ್ಟ್ರಾದ ಹೊಸತರಲ್ಲಿ ನನಗೆ ಊರಿನ ಮಾತು ಬಿಟ್ಟು ಪುಸ್ತಕದ ಮಾತಾಡುವ ಚಾಳಿ.

ಅವರು ಬೈರಾಸಿನ ತುದಿ ತಿರುಚಿದರು. "ಹಾಂಗಾರೆ ಒಂದ್ ಸಲ ನಿಮ್ಮ್ ಮಾವನ ಅಂಗ್ಡಿ ಗಡಿಯಾರ ಕಂಡ್ಕಂಡ್ ಬನ್ನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಮಾವ ಒಂದು ಸುಳ್ಳು ಆಡಿದವನಲ್ಲ, ತಕ್ಕಡಿಯಲ್ಲಿ ಒಂದು ಬೆಲ್ಲದ ಚೂರು ಕಡಿಮೆ ಮಾಡಿದವನಲ್ಲ. ತಾನು ಸಿಕ್ಕಿಬಿದ್ದ ಮೇಲೆ ಅವನ ಮೇಲೆ ಹಾಕಲು ನೋಡುತ್ತಾನಲ್ಲ ಎಂದುಕೊಂಡೆ. "ನಮ್ಮ ಮಾವನ ಸುದ್ದಿಗೆ ಬರಬೇಡಿ" ಎಂದು ಹೇಳಿ ಒಳಗೆ ಹೋದೆ. ಮತ್ತೆ ಅವರು ಆ ಮಾತು ಎತ್ತಲಿಲ್ಲ.

ಏಳು ಚೀಟಿಗಳನ್ನು ಒಂದು ಹಾಳೆಗೆ ಅಂಟಿಸಿ, ಕೆಳಗೆ ನನ್ನ ರುಜು ಹಾಕಿ ಅಧ್ಯಕ್ಷರಿಗೆ ಕೊಟ್ಟೆ. ಧಣಿಗಳು ಮಾತಿಗೆ ತಪ್ಪಲಿಲ್ಲ. ಮರುದಿನದಿಂದ ಬಸ್ಸಿಗೆ ಬೇರೆ ಡ್ರೈವರ್. ಸಂಜೀವಣ್ಣ ಆ ದಿನ ಮಧ್ಯಾಹ್ನ ಶಾಲೆಯ ಜಗಲಿಯ ಹೊರಗೆ ಬಂದು ನಿಂತರು. ಜಗಳಕ್ಕೇ ಬಂದದ್ದೆಂದು ನಾನು ಗಟ್ಟಿಮನಸ್ಸು ಮಾಡಿಕೊಂಡೇ ಎದುರು ಹೋದೆ.

"ನನ್ನ್ ಎರಡ್ ಹೆಣ್ಮಕ್ಕಳ್ ನಿಮ್ಮ್ ಕ್ಲಾಸಲ್ಲೇ ಇದ್ದೋ ಮಾಷ್ಟ್ರೇ. ಅವ್ರ್ ಹತ್ರ ಎಂತದೂ ಹೇಳ್ಬೇಡಿ. ಅಪ್ಪಯ್ಯ ರಜೆ ಹಾಕಿದ್ದ್ ಅಂದೇಳಿ ನಾನ್ ಹೇಳಿದ್ದೆ."

ನಾನು ಹೂಂ ಅಂದೆ. ಒಂದು ವಾರದೊಳಗೆ ಆ ಇಬ್ಬರು ಮಕ್ಕಳೂ ಶಾಲೆ ಬಿಟ್ಟರು. ಸಂಸಾರ ಬ್ರಹ್ಮಾವರದ ಕಡೆಗೆ ಹೋಯಿತಂತೆ. ವರ್ಗಾವಣೆಯ ಪತ್ರ ಬರೆದವನೂ ನಾನೇ.

ಹೊಸ ಡ್ರೈವರ್ ಬಹಳ ಹೆದರುವ ಹುಡುಗ. ಎತ್ತಿನ ಗಾಡಿ ಎದುರು ಬಂದರೂ ಬಸ್ಸು ನಿಲ್ಲಿಸಿಬಿಡುತ್ತಿದ್ದ. ನಮ್ಮಲ್ಲಿಗೆ ಮುಟ್ಟುವಾಗ ಎಂಟು ಐವತ್ತು ದಾಟುತ್ತಿತ್ತು. ಪಂಚಾಯತಿಯವರಿಗೆಲ್ಲ ಸಮಾಧಾನ. ಆದರೆ ಚೀಟಿಯಲ್ಲಿ ಮಾತ್ರ ಮೊದಲಿನ ಹಾಗೆಯೇ ಎಂಟು ಹತ್ತು! ನನ್ನ ಬುದ್ಧಿ ನೋಡಿ, ಇವನೂ ಗೋಳಿಬಜೆಗೆ ಬಿದ್ದ ಎಂದುಕೊಂಡೆ. ಇವನನ್ನು ಹಿಡಿಯಲೇಬೇಕೆಂದು ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಾವನ ಅಂಗಡಿಗೆ ಹೋದೆ. ರಾತ್ರಿ ಅಲ್ಲೇ ಉಳಿದು, ಬೆಳಗ್ಗೆ ಹೋಟೆಲಿನ ಮೂಲೆಯಲ್ಲಿ ಕೂತು ಕಾಯುವುದೆಂದು ನನ್ನ ಯೋಜನೆ.

ಬೆಳಗಿನವರೆಗೆ ಕಾಯುವ ಅಗತ್ಯ ಬೀಳಲಿಲ್ಲ. ಸಂಜೆ ಅಂಗಡಿಯ ಬೆಂಚಿನಲ್ಲಿ ಕೂತಿದ್ದಾಗ ಒಬ್ಬಳು ಹೆಂಗಸು ತೆಂಗಿನೆಣ್ಣೆ ತೆಗೆದುಕೊಳ್ಳುತ್ತ, "ಗಂಟಿ ಎಷ್ಟಾಯ್ತ್?" ಎಂದು ಕೇಳಿದಳು. ಮಾವ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿ, "ನಾಲ್ಕ್ ಹತ್ತ್" ಅಂದ. ನಾನೂ ನೋಡಿದೆ. ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಕೈಯಲ್ಲಿ ನೋಡಿದೆ. ನಾಲ್ಕು ಹತ್ತು.

"ಮಾವ, ಅದರಲ್ಲಿ ಇಪ್ಪತ್ತು ಇದೆ."

"ಹೌದಪ್ಪಾ. ಹತ್ತ್ ನಿಮ್ಷ ಮುಂದೆ ಇಟ್ಟದ್ದಲ್ದಾ? ಜನ ಅದನ್ನ್ ಕಂಡೇ ಬಸ್ಸಿಗೆ ಓಡೂದ್. ಸರಿಯಾಯ್ ಇಟ್ರೆ ಎಲ್ಲರಿಗೂ ಬಸ್ಸ್ ತಪ್ಪಿ ಹೋತ್ತ್. ನಿಂಗ್ ಗೊತ್ತಿಲ್ಯಾ?"

"ಹಾಂಗಾರೆ ಚೀಟಿಯಲ್ಲಿ?" ಎಂದು ಕೇಳುವಾಗ ಪುಸ್ತಕದ ಮಾತು ಎಲ್ಲಿ ಹೋಯಿತೋ.

"ಅದ್ ಸರ್ಕಾರದ್ ಕಾಗ್ದ ಮಾರಾಯ. ಅದ್ರಲ್ಲ್ ನಾನ್ ನನ್ನ್ ತಲೆಯಿಂದ ಕಳ್ದ್ ಬರೆಯುಕಾತ್ತಾ? ಗಡಿಯಾರದಲ್ಲ್ ಇದ್ದದ್ದನ್ನ್ ಇದ್ದಾಂಗೇ ಬರ್ದ್ ಕೊಟ್ಟಿದ್ದೆ" ಅಂದ ಮಾವ. ತನ್ನ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆಂದು ಅವನು ಕಾಯುತ್ತಿದ್ದ.

ಚೀಟಿಯ ಲೆಕ್ಕದಿಂದ ಆ ಹತ್ತು ನಿಮಿಷ ಕಳೆದರೆ ಸಂಜೀವಣ್ಣ ದಿನಾ ಎಂಟಕ್ಕೆ ಸರಿಯಾಗಿ ಹೊರಟು, ನಲವತ್ತೈದು ನಿಮಿಷ ತೆಗೆದುಕೊಂಡು, ಠರಾವು ಕೇಳಿದ್ದಕ್ಕಿಂತ ನಿಧಾನವಾಗಿಯೇ ಬರುತ್ತಿದ್ದರು. ನಿಮಗೆ ಇನ್ನೂ ಒಂದು ಹೇಳಬೇಕು. ಬಸ್ಸು ತಪ್ಪಬಾರದೆಂದು ಗಡಿಯಾರವನ್ನು ಮುಂದೆ ಇಡುವುದು ಆಗ ರಸ್ತೆ ಬದಿಯ ಮನೆಗಳಲ್ಲೆಲ್ಲ ಇದ್ದ ರೂಢಿ. ನಮ್ಮ ಅಮ್ಮನೂ ಅಡುಗೆಮನೆಯ ಗೋಡೆಯ ಗಡಿಯಾರವನ್ನು ಐದು ನಿಮಿಷ ಮುಂದೆಯೇ ಇಟ್ಟಿದ್ದಳು, ಅದನ್ನು ನೋಡಿಯೇ ನಾನು ಬೆಳೆದವನು. ಊರಿಡೀ ಸಂಶಯಪಟ್ಟವನಿಗೆ ಸಂಶಯಪಡಬೇಕಾದದ್ದು ಒಂದೇ ಒಂದಿತ್ತು, ಅದನ್ನು ಸಂಜೀವಣ್ಣ ಕೈಹಿಡಿದು ತೋರಿಸಿದ್ದರು.

ಸೋಮವಾರ ಅಧ್ಯಕ್ಷರಲ್ಲಿಗೆ ಹೋಗಿ ಎಲ್ಲ ಹೇಳಿದೆ. ಅವರು ಬಾಯಿಯ ಎಲೆಯಡಿಕೆ ಉಗುಳಿ ಬಂದು ಕೂತರು. "ಬಸ್ಸ್ ಈಗ ನಿಧಾನ ಬತ್ತಿತ್ತಾ ಇಲ್ಯಾ? ಅಷ್ಟೇ ನಮ್ಗ್ ಬೇಕಾದ್ದ್. ಈಗ ಗಡಿಯಾರದ್ ಸುದ್ದಿ ತೆಗ್ದ್ರೆ ಠರಾವಿಗೂ ನಗೆ, ನಿಮ್ಮ್ ಮಾವನಿಗೂ ನಗೆ, ನಿಮ್ಗೂ ನಗೆ. ಸುಮ್ನಿರಿ." ನಿಮ್ಮ್ ಮಾವನಿಗೂ ಎಂಬಲ್ಲಿ ಸ್ವಲ್ಪ ಒತ್ತಿ ಹೇಳಿದರು. ಗೊತ್ತಿದ್ದೇ ಮಾಡಿದರೇನೋ ಎಂದು ಅವರ ಮೇಲೂ ನನಗೆ ಸಂಶಯ ಬಂತು. ಆದರೆ ಆ ಸಂಶಯದ ನೆಪದಲ್ಲಿ ನಾನು ಹದಿನೈದು ದಿನ ಸುಮ್ಮನಿದ್ದೆ ಎಂಬುದು ನಿಜ. ಹಾಜರಿ ಕರೆಯುವಾಗ ಆ ಇಬ್ಬರು ಮಕ್ಕಳ ಹೆಸರಿನ ಮೇಲೆ ಎಳೆದ ಗೆರೆ ಕಣ್ಣಿಗೆ ಬೀಳುತ್ತಿತ್ತು. ಬೇಗ ಬೇಗ ಪುಟ ತಿರುವುತ್ತಿದ್ದೆ. ನಾಚಿಕೆಯಾಗುತ್ತಿತ್ತು, ನಾಚಿಕೆಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

ಕೊನೆಗೆ ಒಂದು ಭಾನುವಾರ ಬ್ರಹ್ಮಾವರಕ್ಕೆ ಹೋದೆ. ಸಂಜೀವಣ್ಣ ಅಲ್ಲಿ ಹತ್ತಿರದ ಒಂದು ಹಂಚಿನ ಕಾರ್ಖಾನೆಯಲ್ಲಿ ಲಾರಿಗೆ ಹಂಚು ತುಂಬಿಸುತ್ತಿದ್ದರು. ಜೋರು ಓಡಿಸುವವನು ಎಂಬ ಹೆಸರು ಅವರಿಗಿಂತ ಮೊದಲೇ ಊರೂರಿಗೆ ಮುಟ್ಟಿತ್ತು. ಯಾರೂ ಸ್ಟೇರಿಂಗ್ ಕೊಟ್ಟಿರಲಿಲ್ಲ. ಬೈರಾಸು ಹೆಗಲ ಬದಲು ತಲೆಗೆ ಸುತ್ತಿತ್ತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ನಂಗ್ ಮೊದಲ್ನೇ ದಿನವೇ ಗೊತ್ತಿದ್ದಿತ್ತ್. ಆ ಗಡಿಯಾರ ಕಾಣ್ದೆ ಆ ಸ್ಟಾಪಲ್ಲ್ ಯಾರ್ ಬಸ್ಸ್ ಹತ್ತಿದ್ರ್?"

"ಹಾಂಗಾರೆ ಮತ್ತೊಂದು ಸಲ ಎಂತಕೆ ಹೇಳಲಿಲ್ಲ?"

"ಒಂದ್ ಸಲ ಹೇಳಿದ್ದಕ್ಕೆ ನೀವ್ ಒಳಗ್ ಹೋದ್ರಿ."

ಏನು ಮಾಡಲಿ ಎಂದು ಕೇಳಿದೆ. "ಧಣಿಗೆ ಬರ್ದ್ ಕೊಡಿ" ಅಂದರು. ಕಾರ್ಖಾನೆಯ ಆಫೀಸಿನಲ್ಲಿ ಕಾಗದ ಕೇಳಿ, ಹಂಚಿನ ರಾಶಿಯ ಮೇಲಿಟ್ಟು ಬರೆದೆ. ಗಡಿಯಾರದ್ದು, ಮಾವನದು, ನನ್ನ ಏಳು ಚೀಟಿಗಳದ್ದು, ಅವರು ಹೇಳಿದ್ದನ್ನು ನಾನು ಕೇಳದೆ ಹೋದದ್ದು. ಯಾವುದನ್ನೂ ಬಿಡಲಿಲ್ಲ. ರುಜು ಹಾಕಿ ಕೊಟ್ಟೆ. ಅವರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಆಫೀಸಿನ ಗುಮಾಸ್ತರನ್ನು ಕರೆದು, ಅವರ ಕೈಯಲ್ಲಿ ಕೊಟ್ಟು, "ಒಂದ್ಸಲ ದೊಡ್ಡಕ್ಕೆ ಓದಿ ಹೇಳಿ" ಅಂದರು.

ಹಂಚು ಹೊರುತ್ತಿದ್ದವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಗುಮಾಸ್ತರು ಒಂದೊಂದೇ ಸಾಲನ್ನು ನಿಲ್ಲಿಸಿ ನಿಲ್ಲಿಸಿ ಓದಿದರು. ನನ್ನ ಕಿವಿ ಬಿಸಿಯಾಯಿತು. ಮಾಷ್ಟ್ರ ಬರವಣಿಗೆಯನ್ನೇ ಪರೀಕ್ಷೆ ಮಾಡಿಸುತ್ತಾನಲ್ಲ ಎಂದು ಒಳಗೊಳಗೇ ಕುದಿದೆ ಕೂಡ. ಓದಿ ಮುಗಿದ ಮೇಲೆ ಸಂಜೀವಣ್ಣ ಕಾಗದವನ್ನು ಮಡಚಿ ಬೈರಾಸಿನ ತುದಿಗೆ ಗಂಟು ಹಾಕಿಕೊಂಡರು.

"ಬೇಜಾರ್ ಮಾಡ್ಕಂಬೇಡಿ ಮಾಷ್ಟ್ರೇ. ನಾನೊಬ್ಬನೇ ಓದ್ರೆ ನಂಗ್ ಬೇಕಾದ್ದೇ ಕಾಂತ್ತ್."

ಎರಡು ತಿಂಗಳ ಮೇಲೆ ಧಣಿಗಳು ಅವರನ್ನು ಬೇರೆ ಲೈನಿನ ಬಸ್ಸಿಗೆ ಹಾಕಿಕೊಂಡರೆಂದು ಕೇಳಿದೆ. ಮಕ್ಕಳು ನಮ್ಮ ಶಾಲೆಗೆ ಮರಳಿ ಬರಲಿಲ್ಲ. ಮಾವ ಗಡಿಯಾರವನ್ನು ಸರಿ ಮಾಡಿದ. ಒಂದು ವಾರ ಅರ್ಧ ಊರಿಗೆ ಬಸ್ಸು ತಪ್ಪಿ, ಬೈಗುಳ ತಿಂದು, ಪುನಃ ಮುಂದೆ ಇಟ್ಟ. ನನ್ನ ಹತ್ತಿರ ಮಾತ್ರ ಬಹಳ ಕಾಲ ಮುಖ ಊದಿಸಿಕೊಂಡೇ ಇದ್ದ. ಸಂಜೀವಣ್ಣ ತೀರಿಕೊಂಡದ್ದು ನನಗೆ ಗೊತ್ತಾದದ್ದು ವರ್ಷ ಕಳೆದ ಮೇಲೆ, ಅದೂ ಯಾರದೋ ಬಾಯಿಂದ.

ಇಷ್ಟು ಬರೆದು ಮುಗಿಸಿ ಎರಡು ಸಲ ಓದಿದೆ. ನಾನು ಅಷ್ಟೇನೂ ಕೆಟ್ಟವನಲ್ಲ, ಕೊನೆಗಾದರೂ ಹೋಗಿ ಒಪ್ಪಿಕೊಂಡವನು ಎಂದೇ ಕಂಡಿತು. ಹಾಗೆ ಕಂಡದ್ದೇ ಸರಿ ಬರಲಿಲ್ಲ. ಹಾಳೆಗಳನ್ನು ಮನೆಯವಳ ಕೈಗೆ ಕೊಟ್ಟು ದೊಡ್ಡಕ್ಕೆ ಓದು ಅಂದೆ. ಹದಿನೈದು ದಿನ ಸುಮ್ಮನಿದ್ದೆ ಎಂಬ ಸಾಲು ಬಂದಾಗ ಅವಳು ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು. "ಹದಿನೈದೇ ದಿನವಾ?" ಎಂದು ಕೇಳಿದಳು.

ಅಲ್ಲ. ಮೂರು ತಿಂಗಳು.